ಬಟ್ಟಲಿಲ್ಲದ ಬಸುರಿ

ಬಸುರಿ ನೀಲವ್ವನ ಕುಬುಸದ ಶಾಸ್ತ್ರಕ್ಕೆ ಬಂದ ಹೆಂಗಸರ ಕಣ್ಣು ಮೊದಲು ಹುಡುಕಿದ್ದು ಗಾಜಿನ ಬಟ್ಟಲನ್ನು. ಮೂರು ತಲೆಮಾರಿನಿಂದ ಆ ಊರಿನ ಕೂಸುಗಳೆಲ್ಲ ಆಸ್ಪತ್ರೆಯ ಬಟ್ಟಲಿನಲ್ಲಿ ಮೊಳೆತು, ಆಮೇಲೆ ತಾಯಿಯ ಹೊಟ್ಟೆ ಸೇರುತ್ತಿದ್ದವು. ಆ ಬಟ್ಟಲನ್ನು ಮನೆಗೆ ತಂದು, ದೇವರ ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿದ ಮೇಲೆಯೇ ಬಸುರಿಗೆ ಉಡಿ ತುಂಬುವುದು.

"ಬಟ್ಟಲೆಲ್ಲೈತಿ, ಶಾಂತಕ್ಕ?" ನೀಲವ್ವನ ಅತ್ತೆ ಶಾಂತವ್ವನನ್ನು ಕೇಳಿದಳು ಆ ಅತ್ತೆಯ ಓರಗಿತ್ತಿ ಗುರಸಿದ್ದವ್ವ.

"ಇಲ್ಲವ್ವಾ. ಇದು ತಾನಾಗೇ ನಿಂತ ಬಸುರು," ಎಂದು ಶಾಂತವ್ವ ತಲೆ ತಗ್ಗಿಸಿದಳು.

"ಥೂ! ದನಕ್ಕ ನಿಂತಂಗ?" ಗುರಸಿದ್ದವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಡಾಕ್ಟರು ನೋಡಿ ಇಡದ ಕೂಸು ಗಟ್ಟಿ ಇರತೈತೇನು? ನಿಮ್ಮ ಮನೀದ ಅನ್ನಾಕ ಸಾಕ್ಷಿ ಯಾರು?"

"ನನ್ನ ಗಂಡ ಅದಾನಲ್ರಿ, ಸಣ್ಣತ್ತಿ," ಎಂದಳು ನೀಲವ್ವ. ಯಾರೂ ನಗಲಿಲ್ಲ.

ಶಾಂತವ್ವನಿಗೂ ಸೊಸೆಯ ಪಕ್ಕ ಕುಳಿತು ಉಣ್ಣಲು ಹೇಸಿಕೆಯಾಗುತ್ತಿತ್ತು. ಆದರೂ ಬಸುರಿ ಬರಿ ಉಡಿಯಲ್ಲಿ ಏಳಬಾರದು.

"ಬಟ್ಟಲಿಗೆ ಕೈ ಮುಗಿಯುವಾಗ ಯಾರನ್ನ ನೆನೀತಿ, ಗುರಸಿದ್ದಿ?" ಎಂದು ಕೇಳಿದಳು ಶಾಂತವ್ವ.

"ಶಿವನ್ನ."

"ಹಂಗಾರ ಅವನ್ನ ನೆನೆದು ಇಕೀ ಉಡಿ ತುಂಬು."

ಗುರಸಿದ್ದವ್ವ ದೂರದಿಂದಲೇ ಅಕ್ಕಿ, ಉತ್ತತ್ತಿ ಸುರುವಿ ಕೈ ಒರೆಸಿಕೊಂಡಳು. ಅಷ್ಟರಲ್ಲಿ ಹೊಟ್ಟೆಯೊಳಗಿನ ಕೂಸು ಒದೆಯಿತು. ಒಂದು ಉತ್ತತ್ತಿ ಉಡಿಯಿಂದ ಜಾರಿ ನೆಲಕ್ಕೆ ಬಿತ್ತು. ಹೆಂಗಸರೆಲ್ಲ ಕಾಲು ಹಿಂದಕ್ಕೆಳೆದುಕೊಂಡರು.

"ಮುಟ್ಟಬ್ಯಾಡ, ಶಾಂತಕ್ಕ! ಅಕೀ ಹೊಟ್ಟಿಗೆ ತಾಗಿದ್ದು!" ಎಂದು ಗುರಸಿದ್ದವ್ವ ಕೂಗಿದಳು.

ಶಾಂತವ್ವ ಬಾಗಿ ಎತ್ತಿಕೊಂಡಳು. ಶಿವಶಿವಾ ಎಂದು ಅದನ್ನು ಬಾಯಿಗಿಟ್ಟುಕೊಂಡು, ಎಲ್ಲರ ಎದುರಿಗೆ ನಿಧಾನವಾಗಿ ಅಗಿದಳು.