ಮೂಲದಲ್ಲಿಲ್ಲದ ಸಾಲುಗಳು

ಲ್ಯಾಟಿನ್ ಮತ್ತು ಫ್ರೆಂಚ್ ಎಂ.ಎ.ಯ ಕೊನೆಯ ಮೌಖಿಕ ಪರೀಕ್ಷೆ. ಮೇಜಿನ ಆಚೆ ಬದಿಯಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ ಮತ್ತು ವಿಭಾಗದ ಮುಖ್ಯಸ್ಥರು ಕೂತಿದ್ದರು. ಒಂದು ರೋಮನ್ ಕಾವ್ಯವನ್ನು ನೇರವಾಗಿ ಲ್ಯಾಟಿನ್ನಿಂದಲೇ ಕನ್ನಡಕ್ಕೆ ತಂದವರೆಂದು ಮುಖ್ಯಸ್ಥರಿಗೆ ದೊಡ್ಡ ಹೆಸರು. ವಿದ್ಯಾರ್ಥಿನಿ ಅದೇ ಕಾವ್ಯವನ್ನು ಹೊಸದಾಗಿ ಅನುವಾದಿಸಿದ್ದಳು.

"ಈ ನಾಲ್ಕು ಸಾಲು ಎಲ್ಲಿಂದ ಬಂತಮ್ಮ? ಮೂಲದಲ್ಲಿ ಇಲ್ವಲ್ಲ!" ಎಂದರು ಮುಖ್ಯಸ್ಥರು.

ಅವಳು ತಲೆ ತಗ್ಗಿಸಿದಳು. "ಆಮೇಲೆ ನಿಮ್ಮ ರೂಮಿಗೆ ಬಂದು ಹೇಳ್ತೀನಿ ಸರ್."

"ಆಮೇಲೆ ಯಾಕೆ? ನಾನೇ ಬರೆದು ಸೇರಿಸಿದೀನಿ ಅಂತ ಇಲ್ಲೇ ಒಪ್ಕೋ. ಇಲ್ದಿದ್ರೆ ಫೇಲ್ ಮಾಡ್ತೀನಿ."

"ಬೇಡ ಸರ್, ದಯವಿಟ್ಟು."

ಅವರು ಲ್ಯಾಟಿನ್ ಪುಸ್ತಕವನ್ನು ಅವಳತ್ತ ತಳ್ಳಿದರು. "ತೋರ್ಸು. ಮೇಡಂ ಎದುರಿಗೇ ತೋರ್ಸು."

ಅವಳು ಪುಟ ತೆರೆದು, ಬೆರಳನ್ನು ಒಂದು ಕಡೆ ಇಟ್ಟಳು. ಪರೀಕ್ಷಕಿ ಬಗ್ಗಿ ನಿಧಾನವಾಗಿ ಓದಿದರು. ನಾಲ್ಕು ಸಾಲೂ ಅಲ್ಲೇ ಇದ್ದವು.

"ಮತ್ತೆ ಸರ್ ಅವರ ಅನುವಾದದಲ್ಲಿ ಇವು ಯಾಕಿಲ್ಲ?" ಎಂದು ಪರೀಕ್ಷಕಿ ಅವಳನ್ನು ಕೇಳಿದರು.

ಅವಳು ಮುಖ್ಯಸ್ಥರ ಕಡೆ ನೋಡಲಿಲ್ಲ.

"ಅಶ್ಲೀಲ ಅಂತ ಫ್ರೆಂಚ್ ಅನುವಾದದಲ್ಲಿ ಇವನ್ನ ಬಿಟ್ಟಿದಾರೆ, ಮೇಡಂ."