ಮಲಗುವ ತಳಿ

ತಿಂಗಳಿಗೆ ಇಪ್ಪತ್ತಾರು ದಿನ ಚಂದ್ರನ ಗಣಿಯಲ್ಲಿ ದುಡಿಯುವ ರೇವಣಸಿದ್ಧನಿಗೆ ಮಲಗುವ ತಳಿಯ ನಾಯಿಯೇ ಸರಿ ಎಂದು ಎಲ್ಲರೂ ಹೇಳಿದ್ದರು. ಯಜಮಾನ ಹೊಸಿಲು ದಾಟಿದರೆ ಅದು ಮಲಗುತ್ತದೆ, ಅವನೇ ಬಂದು ಕರೆದರೆ ಏಳುತ್ತದೆ; ನಿದ್ದೆಯಲ್ಲಿ ಅದಕ್ಕೆ ಹಸಿವೂ ಇಲ್ಲ, ಮುಪ್ಪೂ ಇಲ್ಲ. ಮರುದಿನವೇ ಮತ್ತೆ ಹೊರಡಬೇಕಿದ್ದ ಅವನು ಹುಬ್ಬಳ್ಳಿಯ ಕಸ್ತೂರಕ್ಕನ ನಾಯಿ ಅಂಗಡಿಯಲ್ಲಿ ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದ.

"ಅಕ್ಕಾರ, ಮಲಗೋ ನಾಯಿ ಒಂದು ಲಗೂನ ಕೊಡ್ರಿ."

ಕಸ್ತೂರಕ್ಕ ಕುಳಿತಲ್ಲಿಂದಲೇ ಮೂಲೆಯಲ್ಲಿ ಮಲಗಿದ್ದ ಕಂದು ನಾಯಿಯನ್ನು ತೋರಿಸಿದಳು. "ಮೊದಲ ಇದನ್ನ ನೋಡ್ರಿ, ಇದೂ ಅದ ತಳಿ. ಇದರ ಯಜಮಾನ್ರು ಗಣಿಯೊಳಗ ತೀರಿಕೊಂಡು ಹನ್ನೊಂದು ವರ್ಷಾತ್ರಿ. ಬ್ಯಾರೆದವರು ಕರದ್ರ ಏಳೂದಿಲ್ಲ."

ರೇವಣಸಿದ್ಧ ಮಂಡಿಯೂರಿ ಅದರ ಕಿವಿಯ ಹಿಂದೆ ಕೈಯಿಟ್ಟ. ಮೈ ಬೆಚ್ಚಗಿತ್ತು. ಹೆಸರು ಕೇಳಿಕೊಂಡು "ಚಂಪೀ, ಚಂಪೀ" ಎಂದು ಕರೆದ. ಬಾಲ ಅಲುಗಲಿಲ್ಲ. ಹೋದ ತಿಂಗಳಷ್ಟೇ ಅವನ ಗಣಿಯಲ್ಲಿ ಇಬ್ಬರು ಸತ್ತಿದ್ದರು.

ಅವನು ಎದ್ದವನೇ, ತನ್ನ ಬೂಟು ಕಚ್ಚುತ್ತಿದ್ದ ಮುಧೋಳ ಮರಿಯೊಂದನ್ನು ಎತ್ತಿಕೊಂಡ.

"ಅದು ಸಾದಾ ನಾಯಿ ರೀ. ನೀವಿಲ್ಲದಾಗ ಅಳತೈತಿ," ಎಂದಳು ಕಸ್ತೂರಕ್ಕ.

"ಅಳಲಿ ಬಿಡ್ರಿ," ಎಂದು ಅವನು ಮರಿಯನ್ನು ಅವಳ ಮಡಿಲಿಗೆ ಹಾಕಿದ. "ನಾ ಇಲ್ಲದಾಗ ನಿಮ್ಮ ಹತ್ರನ ಇರಲಿ. ನಿಮ್ಮನ್ನೂ ಹಚ್ಚಿಕೊಳ್ಳಲಿ."