ಹಸಿರು ಚೀಲ

ವಿಸ್ಸರ್ ಅಜ್ಜಿ ಎಂದಿನಂತೆ ಬಲಗಾಲನ್ನು ಮುಂದೆ ಚಾಚಿದರು. ಅನಸೂಯ ಎದುರಿಗೆ ಮಂಡಿಯೂರಿ ಕುಳಿತಿದ್ದಳು. ಕೈಯಲ್ಲಿ ಊದಿದ ಕಾಲಿಗೆ ಹಾಕುವ ಬಿಗಿ ಸಾಕ್ಸ್, ಪಕ್ಕದ ಬ್ಯಾಗಿನೊಳಗೆ ನುಣುಪು ಬಟ್ಟೆಯ ಹಸಿರು ಚೀಲ. ಆ ಚೀಲವನ್ನು ಮೊದಲು ಪಾದಕ್ಕೆ ತೊಟ್ಟರೆ ಎಂಥ ಬಿಗಿ ಸಾಕ್ಸೂ ಸಲೀಸಾಗಿ ಏರುತ್ತದೆ. ಇನ್ನೊಬ್ಬರ ಕೈ ಬೇಕಿಲ್ಲ. ಆದರೆ ನೋಂದಣಿಯಾಗಿ ಮೂರು ವಾರ ಕಳೆದ ಅವಳ ಮನೆ-ಆರೈಕೆ ಸಂಸ್ಥೆಗೆ ವೂರ್‌ಬರ್ಗ್ ಎಂಬ ಆ ಇಡೀ ಡಚ್ ಊರಿನಲ್ಲಿ ಇದ್ದ ಕ್ಲೈಂಟ್ ಈ ಅಜ್ಜಿ ಒಬ್ಬರೇ.

“ಇನ್ನೊಬ್ರು ಕ್ಲೈಂಟ್ ಸಿಗೋ ತನಕ ಆ ಚೀಲ ಬ್ಯಾಗಲ್ಲೇ ಇರ್ಲಿ ಕಣೆ. ಮೊದ್ಲು ಕಂಪನಿ ಉಳೀಲಿ, ಧರ್ಮ ಆಮೇಲೆ ಮಾಡುವಂತೆ,” ಎಂದು ಬೆಳಿಗ್ಗೆ ಗಂಡ ವಾಮನ ಸೈಕಲ್ಲಿನ ಬೀಗ ತೆಗೆಯುತ್ತ ಹೇಳಿದ್ದ. ಅವಳು ಸೈಕಲ್ ಹತ್ತಿ ಹೊರಟಿದ್ದಳು. ಟ್ರಾಮ್ ಹಳಿ ದಾಟುವ ಹೊತ್ತಿಗೆ ಬಾಯಲ್ಲಿದ್ದ ದೇವರನಾಮ ತಾನಾಗಿ ನಿಂತುಹೋಗಿತ್ತು.

ಈಗ ಅವಳು ಬ್ಯಾಗಿನ ಜಿಪ್ ಎಳೆದು, ಹಸಿರು ಚೀಲವನ್ನು ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು. “ಮೆವ್ರೌ ವಿಸ್ಸರ್, ಇದಿದ್ರೆ ಸಾಕ್ಸ್ ನೀವೇ ಹಾಕ್ಕೋಬಹುದು. ನಾನು ಬರೋದೇ ಬೇಕಾಗಲ್ಲ. ಮೊದಲನೇ ದಿನಾನೇ ತೋರಿಸ್ಬೇಕಿತ್ತು, ತೋರಿಸ್ಲಿಲ್ಲ,” ಎಂದು ತನ್ನ ತಡವರಿಸುವ ಡಚ್ಚಿನಲ್ಲಿ ಹೇಳಿದಳು.

ಅಜ್ಜಿ ಚೀಲವನ್ನು ಅತ್ತಿತ್ತ ತಿರುಗಿಸಿ ನೋಡಿದರು. ಆಮೇಲೆ ಕುರ್ಚಿಯ ಪಕ್ಕದ ಡ್ರಾಯರ್ ಎಳೆದರು. ಒಳಗೆ ಅಂಥದೇ ಇನ್ನೊಂದು ಹಸಿರು ಚೀಲವಿತ್ತು, ಒಗೆದು ಒಗೆದು ಬಣ್ಣ ಮಾಸಿದ್ದು.

“ನಂದು ನಾಲ್ಕು ವರ್ಷದ್ದು. ತೋರಿಸಿದ್ರೆ ನೀನು ಬರಲ್ಲ ಅಂತ ಸುಮ್ನಿದ್ದೆ,” ಎಂದ ಅಜ್ಜಿ, ಚಾಚಿದ ಕಾಲನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು.